ಬೈಬಲ್ಲಿನ ಪ್ರವಾದಿಗಳ ಪುಸ್ತಕಗಳನ್ನು ದಿನಕ್ಕೊಂದು ಅಧ್ಯಾಯ ಓದುತ್ತಿದ್ದೇನೆ, ಯೆರೆಮೀಯದಲ್ಲಿ ನಿಂತುಬಿಟ್ಟಿದ್ದೇನೆ. ನೀವೆಲ್ಲ ಹೇಗೆ ಓದುತ್ತೀರಿ?

ಕೌಲ್‌ಬಜಾರ್ ಅಕ್ಕ, ಬಳ್ಳಾರಿ

ಎಲ್ಲರಿಗೂ ವಂದನೆಗಳು.

ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಹೊಸ ವರ್ಷಕ್ಕೆ ಒಂದು ಬೈಬಲ್ ವಚನ ಇರುವ ವಾಗ್ದಾನದ ಕಾರ್ಡು ಕೊಡುತ್ತಾರೆ. ತಟ್ಟೆಯಲ್ಲಿ ಮಗುಚಿ ಇಟ್ಟಿರುತ್ತಾರೆ, ಒಂದು ಎತ್ತಿಕೊಳ್ಳಬೇಕು. ಈ ಸಲ ನನಗೆ ಬಂದಿದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಒಳ್ಳೆಯದಕ್ಕೇ, ಕೇಡಿಗಲ್ಲ ಅಂತ ದೇವರು ಹೇಳುವ ಮಾತು. ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ ಇರುತ್ತೆ. ಕಾರ್ಡನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಆಮೇಲೆ ಅನಿಸಿತು, ಈ ಒಂದು ಸಾಲಿನ ಹಿಂದೆ ಏನಿದೆ, ಮುಂದೆ ಏನಿದೆ, ನನಗೆ ಗೊತ್ತೇ ಇಲ್ಲವಲ್ಲ. ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಿದ್ದೇನೆ. ಕೀರ್ತನೆ ಗೊತ್ತು, ಸುವಾರ್ತೆ ಗೊತ್ತು. ಪ್ರವಾದಿಗಳ ಒಂದು ಪುಸ್ತಕವನ್ನೂ ಮೊದಲಿಂದ ಕೊನೆತನಕ ಓದಿಲ್ಲ.

ಅದಕ್ಕೇ ಜನವರಿ 2ರಿಂದ ಶುರು ಮಾಡಿದೆ. ಬೆಳಿಗ್ಗೆ 5 ಗಂಟೆಗೆ, ಮನೆಯವರು ಏಳುವ ಮೊದಲು, ದಿನಕ್ಕೆ ಒಂದೇ ಅಧ್ಯಾಯ. ಲೆಕ್ಕ ಹಾಕಿದೆ. ಯೆಶಾಯದಿಂದ ಮಲಾಕಿತನಕ, ಪ್ರಲಾಪಗಳು ದಾನಿಯೇಲ ಎಲ್ಲ ಸೇರಿಸಿ, ಸರಿಯಾಗಿ 250 ಅಧ್ಯಾಯ. ಎಂಟು ತಿಂಗಳ ಮೇಲೆ ಸ್ವಲ್ಪ ದಿನ.

ಯೆಶಾಯದ ಮೊದಲರ್ಧ ಕಷ್ಟ ಆಯಿತು. 40ನೇ ಅಧ್ಯಾಯದಿಂದ ಮುಂದೆ ಓದುವಾಗ ಯಾರೋ ತಲೆ ಸವರಿದ ಹಾಗಿತ್ತು. ಯೆರೆಮೀಯಕ್ಕೆ ಬಂದ ಮೇಲೆ ಕಾಲು ಮುಂದೆ ಹೋಗುತ್ತಿಲ್ಲ. ಪುಟ ತಿರುಗಿಸಿದರೆ ಕತ್ತಿ, ಬರ, ಸೆರೆ. 14ನೇ ಅಧ್ಯಾಯದಲ್ಲಿ ದೊಡ್ಡವರು ನೀರಿಗೆ ಆಳುಗಳನ್ನು ಕಳಿಸುತ್ತಾರೆ. ಅವರು ನೀರು ಸಿಗದೆ ಖಾಲಿ ಕೊಡ ಹೊತ್ತು ವಾಪಸ್ ಬರುತ್ತಾರೆ, ನಾಚಿಕೆಯಿಂದ ತಲೆಗೆ ಮುಸುಕು ಹಾಕಿಕೊಂಡು. ಅಡವಿಯ ಜಿಂಕೆ ಹುಲ್ಲಿಲ್ಲ ಅಂತ ಆಗಷ್ಟೇ ಈದ ಮರಿಯನ್ನು ಬಿಟ್ಟು ಹೋಗುತ್ತೆ. ಅವತ್ತು ನಮ್ಮ ಓಣಿಗೆ ನಲ್ಲಿ ನೀರು ಬರಬೇಕಾದ ದಿನ. ಬರಲಿಲ್ಲ. ಬಾಗಿಲುಗಳ ಮುಂದೆ ಸಾಲಾಗಿ ಪ್ಲಾಸ್ಟಿಕ್ ಕೊಡ. ಪಕ್ಕದ ಮನೆ ಹುಡುಗಿ ಸ್ಕೂಲ್ ಯೂನಿಫಾರ್ಮ್‌ನಲ್ಲೇ ಕೊಡದ ಹತ್ತಿರ ಕೂತಿದ್ದಳು. ನನಗೆ ಅಳು ಬಂತು. ಅದೇ ಅಧ್ಯಾಯದಲ್ಲಿ ದೇವರು ಪ್ರವಾದಿಗೆ, ಈ ಜನರಿಗಾಗಿ ಪ್ರಾರ್ಥನೆ ಮಾಡಬೇಡ ಅನ್ನುತ್ತಾನೆ. ಅದನ್ನು ಓದಿ ಪ್ರಾರ್ಥನೆಗೆ ಮೊಣಕಾಲೂರುವುದು ಹೇಗೆ?

ಸಭೆಯ ಹಿರಿಯರೊಬ್ಬರನ್ನು ಕೇಳಿದೆ. ಬೆಳಿಗ್ಗೆ ಧ್ಯಾನಕ್ಕೆ ಕೀರ್ತನೆ ಓದಮ್ಮ, ಇದೆಲ್ಲ ಪಾಸ್ಟರುಗಳಿಗೆ ಅಂದರು. ಮನೆಯಲ್ಲಿ ಅಪ್ಪನ ಜಮೀನು ಮಾರುವ ಮಾತು ಬೇರೆ ನಡೆದಿದೆ, ಮನಸ್ಸು ಮೊದಲೇ ಭಾರವಾಗಿದೆ. ಬಿಟ್ಟುಬಿಡಲೇ, ಮುಂದೆ ಹೋಗಲೇ? ಓದಿದವರು ಹೇಳಿ.


ನಿವೃತ್ತ ಮೇಷ್ಟ್ರು, ರಾಯಚೂರು

ತಂಗೀ, ಬಿಡಬೇಡಿ. ನೀವು ನಿಂತ ಜಾಗದಲ್ಲೇ ನಾನು ಮೂರು ಸಲ ನಿಂತು ವಾಪಸ್ ಬಂದಿದ್ದೇನೆ. ನಾಲ್ಕನೆಯ ಸಲ ದಾಟಿದೆ. ನಾನು ಮೆಥಡಿಸ್ಟ್ ಸಭೆಯವನು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಪ್ರಶ್ನೆಗೇ ಬರುತ್ತೇನೆ. ಪ್ರಾರ್ಥನೆ ಮಾಡಬೇಡ ಅಂತ ದೇವರು ಹೇಳಿದ್ದು 14:11ರಲ್ಲಿ. ಆಮೇಲೆ ಯೆರೆಮೀಯ ಏನು ಮಾಡುತ್ತಾನೆ ನೋಡಿದಿರಾ? ಮೊದಲು ಜನರ ಪರವಾಗಿ ವಾದ ಮಾಡುತ್ತಾನೆ. ಸುಳ್ಳು ಪ್ರವಾದಿಗಳು ಇವರನ್ನು ಹಾಳು ಮಾಡಿದರು ಸ್ವಾಮೀ ಅನ್ನುತ್ತಾನೆ. ಅಧ್ಯಾಯದ ಕೊನೆಯ ನಾಲ್ಕು ವಚನಗಳಲ್ಲಿ ಪ್ರಾರ್ಥನೆಯನ್ನೇ ಮಾಡಿಬಿಡುತ್ತಾನೆ! ತಪ್ಪು ಒಪ್ಪಿಕೊಳ್ಳುತ್ತಾನೆ, ನಮ್ಮನ್ನು ತಳ್ಳಿಬಿಡಬೇಡ ಅನ್ನುತ್ತಾನೆ, ಮಳೆ ಕೊಡುವವನು ನೀನೇ ಅಲ್ಲವೇ, ನಿನ್ನನ್ನೇ ಕಾಯುತ್ತೇವೆ ಅಂತ ಮುಗಿಸುತ್ತಾನೆ. ಬೇಡ ಅಂದ ಮೇಲೂ ಜನರಿಗಾಗಿ ಬೇಡಿಕೊಳ್ಳುವ ಮನುಷ್ಯ ಅವನು. ಮೊದಲ ಸಲ ಓದುವಾಗ 11ನೇ ವಚನದ ಪೆಟ್ಟಿಗೆ ನಾನೂ ಪುಸ್ತಕ ಮುಚ್ಚಿದ್ದೆ. 22ರ ತನಕ ಹೋಗಿರಲೇ ಇಲ್ಲ.

ಎರಡನೆಯದು, ಯೆರೆಮೀಯ ಕಾಲದ ಕ್ರಮದಲ್ಲಿ ಇಲ್ಲ. 21ನೇ ಅಧ್ಯಾಯದಲ್ಲಿ ಕೊನೆಯ ಅರಸ ಚಿದ್ಕೀಯ, ಊರಿಗೆ ಮುತ್ತಿಗೆ ಬಿದ್ದಿದೆ. 25ಕ್ಕೆ ಬಂದರೆ ಅವನಿಗಿಂತ ಹಿಂದಿನ ಯೆಹೋಯಾಕೀಮ. 26ರಲ್ಲಿ ಇನ್ನೂ ಹಿಂದೆ. ಗೊತ್ತಿಲ್ಲದೆ ಓದಿದರೆ ತಲೆ ಕೆಡುತ್ತೆ, ತಪ್ಪು ನಿಮ್ಮದಲ್ಲ. ಒಂದು ಸಂಜೆ ಬಿಡುವು ಮಾಡಿಕೊಂಡು ಅರಸುಗಳ ಎರಡನೆಯ ಪುಸ್ತಕದ 22ರಿಂದ 25 ಓದಿಬಿಡಿ. ನಾಲ್ಕೇ ಅಧ್ಯಾಯ. ಯಾವ ಅರಸನ ಕಾಲದಲ್ಲಿ ಏನು ನಡೆಯಿತು ಅಂತ ಕಣ್ಣಿಗೆ ಕಟ್ಟುತ್ತೆ.

ಇಸವಿಗಳನ್ನು ಬೈಬಲ್ಲಿನ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಹಾಗೇ ಮಾಡಿದ್ದು. ಕ್ರಿಸ್ತಪೂರ್ವ 8ನೇ ಶತಮಾನ: ಆಮೋಸ, ಹೋಶೇಯ, ಯೆಶಾಯ, ಮೀಕ. 722ರ ಹೊತ್ತಿಗೆ ಇಸ್ರಾಯೇಲಿನ ಉತ್ತರದ ರಾಜ್ಯ ಅಶ್ಶೂರದ, ಅಂದರೆ ಅಸ್ಸೀರಿಯಾದ, ಕೈಗೆ ಹೋಯಿತು. 597ರಲ್ಲಿ ಬಾಬೆಲಿನವರು, ಅಂದರೆ ಬ್ಯಾಬಿಲೋನಿನವರು, ಯೆರೂಸಲೇಮಿನ ಅರಸನನ್ನೂ ಕಮ್ಮಾರರು ಬಡಗಿಗಳನ್ನೂ ಸೆರೆ ಒಯ್ದರು. 587ರಲ್ಲಿ, ಕೆಲವರ ಲೆಕ್ಕಕ್ಕೆ 586, ಊರು ಸುಟ್ಟರು, ದೇವಾಲಯ ಸುಟ್ಟರು. 538ರಲ್ಲಿ ಪಾರಸಿಯ ಅರಸ ಕೋರೆಷ (ಇತಿಹಾಸದ ಪುಸ್ತಕದಲ್ಲಿ ಸೈರಸ್) ಸೆರೆಯವರನ್ನು ವಾಪಸ್ ಹೋಗಲು ಬಿಟ್ಟ. 520ರಲ್ಲಿ ಹಗ್ಗಾಯ, ಜೆಕರ್ಯ. 515ಕ್ಕೆ ಮತ್ತೆ ದೇವಾಲಯ ಎದ್ದಿತು. ಯೆರೆಮೀಯ ಆ ಸುಟ್ಟುಹೋದ ಊರಿನಲ್ಲೇ ಇದ್ದವನು. ನಲವತ್ತು ವರ್ಷ ಹೇಳಿದ, ಯಾರೂ ಕೇಳಲಿಲ್ಲ, ಕೊನೆಗೆ ಹೇಳಿದ್ದನ್ನು ಕಣ್ಣಾರೆ ಕಂಡ.

36ನೇ ಅಧ್ಯಾಯಕ್ಕೆ ಬಂದಾಗ ನಿಧಾನ ಓದಿ. ಚಳಿಗಾಲ. ಅರಸ ಯೆಹೋಯಾಕೀಮ ಅಗ್ಗಿಷ್ಟಿಕೆ ಮುಂದೆ ಕೂತಿದ್ದಾನೆ. ಯೆರೆಮೀಯ ಹೇಳಿ ಅವನ ಗುಮಾಸ್ತ ಬಾರೂಕ ಬರೆದ ಸುರುಳಿಯನ್ನು ಓದಿಸುತ್ತಾನೆ. ಮೂರು ನಾಲ್ಕು ಕಾಲಮ್ ಓದುವಷ್ಟರಲ್ಲಿ ಬರಹಗಾರನ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಹೀಗೆ ಇಡೀ ಸುರುಳಿ. ಆಮೇಲೆ ಬಾರೂಕ ಇನ್ನೊಂದು ಸುರುಳಿ ತೆಗೆದುಕೊಂಡು ಎಲ್ಲವನ್ನೂ ಮತ್ತೆ ಬರೆಯುತ್ತಾನೆ, ಅದರ ಜೊತೆ ಇನ್ನೂ ಬಹಳ ಮಾತು ಸೇರುತ್ತವೆ. ಕ್ಲಾಸಿನಲ್ಲಿ ಎಷ್ಟೋ ಅರಸರ ಪಾಠ ಮಾಡಿದ್ದೇನೆ. ಇಂಥ ಅರಸನನ್ನೂ ಇಂಥ ಗುಮಾಸ್ತನನ್ನೂ ಮರೆಯಲಾಗಲಿಲ್ಲ.

ಇನ್ನೊಂದು ಮಾತು. ನೀವು ಓದುತ್ತಿರುವುದು ಬಳ್ಳಾರಿಯಲ್ಲಿ ಕೂತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ನಿಮ್ಮ ಊರಿಗೇ. ಬೈಬಲನ್ನು ಕನ್ನಡಕ್ಕೆ ತರುವ ಕೆಲಸವನ್ನು ಅವರು ಅಲ್ಲೇ ಮಾಡಿದರು. 1830ರ ದಶಕದ ಆರಂಭದ ಹೊತ್ತಿಗೆ ಹಳೆ ಒಡಂಬಡಿಕೆಯೂ ಸೇರಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಆಗಿನ ಕನ್ನಡವನ್ನು ಆಮೇಲೆ ಬೇರೆಯವರು ತಿದ್ದಿದ್ದಾರೆ, ಅದು ಬೇರೆ ಮಾತು. ಆದರೆ ಯೆರೆಮೀಯ ಕನ್ನಡದಲ್ಲಿ ಬಾಯಿಬಿಟ್ಟ ಊರು ನಿಮ್ಮದು. ಪಾಸ್ಟರುಗಳಿಗೆ ಮಾತ್ರ ಅಂತಿದ್ದರೆ ಅವರು ಅಷ್ಟು ವರ್ಷ ಯಾಕೆ ಕಷ್ಟಪಡಬೇಕಿತ್ತು?


ಸಿಂಧನೂರು ತಮ್ಮ

ಅಕ್ಕಾ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬೇಜಾರು ಮಾಡಿಕೊಳ್ಳಬೇಡಿ. ಪ್ರವಾದಿಗಳು ಬಂದಿದ್ದು ಕ್ರಿಸ್ತನನ್ನು ತೋರಿಸುವುದಕ್ಕೆ. ಯೆಶಾಯ 7, 9, 53. ಮೀಕ 5ರಲ್ಲಿ ಬೇತ್ಲೆಹೇಮ್. ಜೆಕರ್ಯ 9ರಲ್ಲಿ ಕತ್ತೆಯ ಮೇಲೆ ಬರುವ ಅರಸ. ಇವು ಸಿಕ್ಕಿದರೆ ಸಾಕಲ್ವಾ? ಉಳಿದಿದ್ದು ಆ ಕಾಲದ ಇಸ್ರಾಯೇಲ್ಯರಿಗೆ ಹೇಳಿದ್ದು, ಆ ಜನ ಕೇಳಲಿಲ್ಲ, ಶಿಕ್ಷೆ ಆಯಿತು. ನಾವು ಕೃಪೆಯ ಕಾಲದಲ್ಲಿ ಇದ್ದೇವೆ. ಬೆಳಿಗ್ಗೆ ಎದ್ದು ಶಾಪ ಓದಿ ದಿನ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಅಮ್ಮನಿಗೆ ಬಿಪಿ ಇದೆ, ಅವರಿಗೆ ನಾನೇ ಆರಿಸಿ ಓದುತ್ತೇನೆ.


ಗಂಗಾವತಿ ಕಾಟಾ ಹುಡುಗ

ಸಿಂಧನೂರು ಅಣ್ಣಾ, ಆ ಕಾಲದವರಿಗೆ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಆಮೋಸ 8 ಓದುವ ತನಕ.

ನಾನು ಭತ್ತದ ವ್ಯಾಪಾರದ ಅಂಗಡಿಯಲ್ಲಿ ಕಾಟಾ ಹತ್ತಿರ ಕೂತು ತೂಕ ಬರೆಯುವವನು. ಚೀಲ ಬರುತ್ತೆ, ಕಾಟಾ ಮೇಲೆ ಇಡುತ್ತಾರೆ, ನಂಬರ್ ಬರೆಯುತ್ತೇನೆ. ಚೀಲದ ತೂಕ ಅಂತ ಒಂದಿಷ್ಟು ಕಳೆಯಬೇಕು. ತೇವ ಇದೆ ಅಂತ ಇನ್ನೊಂದಿಷ್ಟು. ನಾನು ಕೆಲಸಕ್ಕೆ ಸೇರಿದ ಅಂಗಡಿಯಲ್ಲಿ ಖಾಲಿ ಚೀಲ ಇರುವುದಕ್ಕಿಂತ ಜಾಸ್ತಿ ಕಳೆಯಬೇಕು ಅಂತ ಮೊದಲ ದಿನವೇ ಹೇಳಿದ್ದರು. ಒಂದು ಚೀಲಕ್ಕೆ ಏನೂ ಅನಿಸುವುದಿಲ್ಲ. ಒಂದು ಟ್ರ್ಯಾಕ್ಟರ್ ಇಳಿಸುವಷ್ಟರಲ್ಲಿ ರೈತನ ಒಂದು ಚೀಲವೇ ಹೋಗಿರುತ್ತೆ. ಅವರು ಕಾಟಾ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

ಆಮೋಸ 8:5-6ರಲ್ಲಿ ವ್ಯಾಪಾರಿಗಳು, ಅಮಾವಾಸ್ಯೆ ಹಬ್ಬ ಯಾವಾಗ ಮುಗಿಯುತ್ತೆ, ವಾರದ ವಿಶ್ರಾಂತಿ ದಿನವಾದ ಸಬ್ಬತ್ ಯಾವಾಗ ಮುಗಿಯುತ್ತೆ, ಧಾನ್ಯ ಮಾರೋಣ ಅಂತ ಕಾಯುತ್ತಿರುತ್ತಾರೆ. ಅಳತೆ ಚಿಕ್ಕದು ಮಾಡೋಣ, ತೂಕದ ಕಲ್ಲು ದೊಡ್ಡದು ಮಾಡೋಣ, ತಕ್ಕಡಿ ಮೋಸ ಮಾಡೋಣ, ಕಸಕಡ್ಡಿ ಗೋದಿಯನ್ನೂ ಮಾರಿಬಿಡೋಣ ಅನ್ನುತ್ತಾರೆ. ಅವತ್ತು ಭಾನುವಾರ. ಆರಾಧನೆ ಮುಗಿಸಿ ಬಂದು ಓದುತ್ತಿದ್ದೆ. ಆರಾಧನೆಯಲ್ಲಿ ಕೂತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಸೋಮವಾರ ಎಷ್ಟು ಲೋಡ್ ಬರುತ್ತೆ ಅನ್ನುವ ಲೆಕ್ಕವೇ. 2,700 ವರ್ಷದ ಹಿಂದೆ ತೆಕೋವದ ಒಬ್ಬ ಕುರಿ ಕಾಯುವವನು ನನ್ನ ಹೆಸರು ಹಿಡಿದು ಕರೆದ ಹಾಗಾಯಿತು.

ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ಆಮೇಲೆ ಖಾಲಿ ಚೀಲವನ್ನು ಕಾಟಾ ಮೇಲೆ ಇಟ್ಟು, ಎಷ್ಟು ಬರುತ್ತೋ ಅಷ್ಟೇ ಕಳೆಯಲು ಶುರು ಮಾಡಿದೆ. ನಂಬರ್ ಜೋರಾಗಿ ಓದಿ ಹೇಳುತ್ತಿದ್ದೆ. ಮಾಲೀಕರಿಗೆ ಗೊತ್ತಾಯಿತು, ಮಾತು ಬಂತು, ಎರಡು ತಿಂಗಳಿಗೆ ಕೆಲಸ ಬಿಡಬೇಕಾಯಿತು. ಈಗ ಬೇರೆ ಕಡೆ ಇದ್ದೇನೆ. ಸಂಬಳ ಸ್ವಲ್ಪ ಕಡಿಮೆ, ರೈತರು ನನ್ನ ಮುಖ ನೋಡಿದರೆ ನಾನೂ ಅವರ ಮುಖ ನೋಡಬಹುದು.

ಅಮ್ಮನಿಗೆ ಆರಿಸಿ ಓದಿ ಅಣ್ಣಾ, ತಪ್ಪಿಲ್ಲ. ಆದರೆ ನಮ್ಮಂಥ ವಯಸ್ಸಿನವರು ಆರಿಸಲು ಹೋದರೆ ನಮಗೆ ಚುಚ್ಚುವ ಸಾಲನ್ನೇ ಬಿಡುತ್ತೇವೆ.


ಕ್ಯಾಥೊಲಿಕ್ ಟೀಚರ್, ಬಳ್ಳಾರಿ

ನಾನು ಬಳ್ಳಾರಿ ಧರ್ಮಕ್ಷೇತ್ರದವಳು. ನಮ್ಮಲ್ಲಿ ಆರಿಸುವ ಕೆಲಸ ನಮ್ಮ ಕೈಯಲ್ಲಿ ಇರುವುದಿಲ್ಲ. ಪೂಜೆಯ ಮೊದಲ ವಾಚನ ಯಾವ ದಿನ ಯಾವುದು ಅಂತ ಪಂಚಾಂಗದಲ್ಲಿ ಇರುತ್ತೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಯೆಶಾಯ ಜಾಸ್ತಿ. ಬೂದಿ ಬುಧವಾರ ಯೋವೇಲನ 2ನೇ ಅಧ್ಯಾಯ, ಬಟ್ಟೆಯನ್ನಲ್ಲ ಹೃದಯವನ್ನು ಹರಿದುಕೊಳ್ಳಿ ಅನ್ನುವುದು. ಶುಭ ಶುಕ್ರವಾರ ಯೆಶಾಯ 52ರ ಕೊನೆಯಿಂದ 53 ಪೂರ್ತಿ. ಅದನ್ನು ನಮ್ಮ ಚರ್ಚಿನಲ್ಲಿ ಓದುವ ಭಾಗ್ಯ ನನಗೆ ಎರಡು ಸಲ ಸಿಕ್ಕಿದೆ. ಎರಡು ಸಲವೂ ಕುರಿಯ ಮಾತು ಬಂದಾಗ ಗಂಟಲು ಕಟ್ಟಿತು. ಹಾಗಾಗಿ ತಮ್ಮಾ, ಪ್ರವಾದಿಗಳಲ್ಲಿ ಕ್ರಿಸ್ತನನ್ನು ಕಾಣುವುದರಲ್ಲಿ ನಾನು ನಿಮ್ಮ ಜೊತೆಗೇ ಇದ್ದೇನೆ.

ಆದರೆ ಯೇಸು ಸ್ವಾಮಿ ಪ್ರವಾದಿಗಳನ್ನು ಹೇಗೆ ಓದಿದರು ಅಂತ ನೋಡಿ. ನಜರೇತಿನಲ್ಲಿ ಅವರ ಕೈಗೆ ಯೆಶಾಯನ ಸುರುಳಿ ಕೊಟ್ಟರು. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ ಇರುವ ಜಾಗವನ್ನು ತೆಗೆದು ಓದಿದರು. ತೆರಿಗೆ ವಸೂಲಿಯವರ ಜೊತೆ ಊಟಕ್ಕೆ ಕೂತಾಗ ಜನ ಆಡಿಕೊಂಡರಲ್ಲ, ಆಗ ಹೋಶೇಯ 6:6 ಹೇಳಿ, ಹೋಗಿ ಇದರ ಅರ್ಥ ಕಲಿತುಕೊಳ್ಳಿ ಅಂದರು. ಬಲಿ ಅಲ್ಲ, ದಯೆ ಬೇಕು ಅನ್ನುವ ಮಾತು ಅದು. ಹೀಬ್ರೂವಿನಲ್ಲಿ ಅಲ್ಲಿ ಇರುವ ಪದ ಹೆಸೆದ್. ಕೊಟ್ಟ ಮಾತಿಗೆ ಬಿಡದೆ ಅಂಟಿಕೊಳ್ಳುವ ಪ್ರೀತಿ ಅಂತ ನಾನು ಬಿಡಿಸಿಕೊಳ್ಳುತ್ತೇನೆ. ನೀವು ಬಿಡಿ ಅಂದ ಭಾಗವನ್ನೇ ಅವರು ಕಲಿಯಿರಿ ಅಂದಿದ್ದು.

ಇನ್ನೊಂದು ವಿಷಯ ಮನಸ್ಸಿಗೆ ನಾಟಿದ್ದರಿಂದ ಹೇಳುತ್ತೇನೆ. ಆ ಜನ ಕೇಳಲಿಲ್ಲ, ಶಿಕ್ಷೆ ಆಯಿತು ಅಂತ ಬರೆದಿರಿ. ಹಾಗೆ ಓದಬಾರದು. ಈ ಪುಸ್ತಕಗಳು ಮೊದಲು ಯೆಹೂದ್ಯರವು, ಇವತ್ತಿಗೂ ಅವರವು. ಅವರ ಸಭಾಮಂದಿರದಲ್ಲಿ ಸಬ್ಬತ್ ದಿನ ತೋರಾ, ಅಂದರೆ ಮೋಶೆಯ ಐದು ಪುಸ್ತಕಗಳ ಭಾಗ, ಓದಿದ ಮೇಲೆ ಪ್ರವಾದಿಗಳಿಂದ ಒಂದು ಭಾಗ ಓದುತ್ತಾರೆ. ಯೋಮ್ ಕಿಪ್ಪೂರ್ ಉಪವಾಸದ ದಿನ ಮಧ್ಯಾಹ್ನ ಯೋನನ ಪುಸ್ತಕ ಪೂರ್ತಿ ಓದುತ್ತಾರೆ. ದೇವಾಲಯ ಬಿದ್ದ ದಿನದ ನೆನಪಿಗೆ ಪ್ರಲಾಪಗಳನ್ನು ಓದುತ್ತಾರೆ. ತಮ್ಮನ್ನೇ ಇಷ್ಟು ಬೈದ ಮಾತನ್ನು ಒಂದಕ್ಷರ ಬಿಡದೆ ಕಾಪಾಡಿಕೊಂಡು ಬಂದ ಜನ ಅವರು. ಮನೆಯ ಹಿರಿಯ ಮನೆಯವರನ್ನು ಬೈದರೆ ಅದು ಅಕ್ಕರೆ. ಅದೇ ಮಾತನ್ನು ಪಕ್ಕದ ಮನೆಯವನು ಎತ್ತಿಕೊಂಡು ಆ ಮನೆಯವರನ್ನು ಬೈದರೆ ಅದು ಹಗೆ. ಹಾಗೆ ಬೈದು ಕ್ರೈಸ್ತರು ಯೂರೋಪಿನಲ್ಲಿ ಎಂಥ ಪಾಪ ಮಾಡಿದರು ಅಂತ ಇತಿಹಾಸ ಓದಿದವರಿಗೆ ಗೊತ್ತು. ಇಸ್ರಾಯೇಲೇ ಅಂತ ಬಂದ ಕಡೆ ನಾನು ನನ್ನ ಹೆಸರು ಹಾಕಿಕೊಂಡು ಓದುತ್ತೇನೆ.


ಸಿಂಧನೂರು ತಮ್ಮ

ಸಿಸ್ಟರ್, ಅದನ್ನು ನಾನು ಯೋಚನೆ ಮಾಡಿರಲಿಲ್ಲ. ಸರಿ ಇದೆ ನೀವು ಹೇಳಿದ್ದು. ಆ ಸಾಲು ಬರೆಯಬಾರದಿತ್ತು.

ಆದರೂ ಒಂದು ಕೇಳುತ್ತೇನೆ. ಕಷ್ಟದಲ್ಲಿ ಇರುವವರಿಗೆ ಇದರಿಂದ ಸಮಾಧಾನ ಎಲ್ಲಿದೆ? ನನಗೆ ಅದು ಇನ್ನೂ ಬಗೆಹರಿದಿಲ್ಲ.


ಮಾನ್ವಿ ರೈತ

ಎಲ್ಲರಿಗೂ ನಮಸ್ಕಾರ. ನಾನು ಬಹಳ ಓದಿದವನಲ್ಲ, ಎಸ್ಸೆಸ್ಸೆಲ್ಸಿ. ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಸಿಂಧನೂರು ತಮ್ಮನಿಗೆ ಎರಡು ಜಾಗ ಹೇಳುತ್ತೇನೆ.

ಯೆಶಾಯ 28, 24ನೇ ವಚನದಿಂದ ಕೊನೆತನಕ. ಯಾರೂ ಇದರ ಮೇಲೆ ಪ್ರಸಂಗ ಮಾಡಿದ್ದು ನಾನು ಕೇಳಿಲ್ಲ. ಬಿತ್ತುವವನು ದಿನಾ ನೇಗಿಲು ಹೊಡೆಯುತ್ತಲೇ ಇರುತ್ತಾನೆಯೇ ಅಂತ ಕೇಳುತ್ತಾನೆ. ನೆಲ ಹದ ಮಾಡಿದ ಮೇಲೆ ಯಾವ ಬೀಜ ಎಲ್ಲಿ ಹಾಕಬೇಕೋ ಅಲ್ಲಿ ಹಾಕುತ್ತಾನಲ್ಲ. ರಾಶಿ ಮಾಡುವಾಗ ಜೀರಿಗೆಯ ಮೇಲೆ ಬಂಡಿಯ ಗಾಲಿ ಉರುಳಿಸುವುದಿಲ್ಲ, ಕೋಲಿನಿಂದ ಬಡಿಯುತ್ತಾರೆ. ರೊಟ್ಟಿಯ ಧಾನ್ಯವನ್ನೂ ಪುಡಿಯಾಗುವ ತನಕ ತುಳಿಸುತ್ತಲೇ ಇರುವುದಿಲ್ಲ. ಇದನ್ನೆಲ್ಲ ರೈತನಿಗೆ ಕಲಿಸಿದವನು ದೇವರೇ ಅನ್ನುತ್ತಾನೆ.

ನಮ್ಮಪ್ಪ ಜೋಳಕ್ಕೆ ರೋಣಗಲ್ಲು ಹೊಡೆಯುತ್ತಿದ್ದ. ಎಳ್ಳಿಗೆ ಯಾವತ್ತೂ ಹೊಡೆಯುತ್ತಿರಲಿಲ್ಲ. ಎಳ್ಳಿನ ಸಿವುಡನ್ನು ತಲೆಕೆಳಗೆ ಹಿಡಿದು ಸಣ್ಣ ಕೋಲಿನಿಂದ ಮೆಲ್ಲಗೆ ತಟ್ಟುತ್ತಿದ್ದ, ಮಗುವಿನ ಬೆನ್ನು ತಟ್ಟಿದ ಹಾಗೆ. ಸೀರೆಯ ಮೇಲೆ ಎಳ್ಳು ಉದುರುವ ಸಪ್ಪಳ ಈಗಲೂ ಕಿವಿಯಲ್ಲಿದೆ. ಮೆಣಸಿನಕಾಯಿಗೆ ನುಸಿ ಬಿದ್ದು ಬೆಳೆ ಪೂರಾ ಹೋದ ವರ್ಷ ಈ ಭಾಗ ಓದಿದೆ. ದೇವರು ನನ್ನ ಮೇಲೆ ರೋಣಗಲ್ಲು ಹೊಡೆಯುತ್ತಿದ್ದಾನೆ ಅನಿಸಿದ್ದ ದಿನ ಅದು. ಯಾವ ಕಾಳಿಗೆ ಎಷ್ಟು ಪೆಟ್ಟು ಅಂತ ಗೊತ್ತಿರುವವನ ಕೈಯಲ್ಲಿ ಇದ್ದೇನೆ ಅಂತ ತಿಳಿಯಿತು. ಇದು ಸಮಾಧಾನ ಅಲ್ಲವಾ ತಮ್ಮಾ? ಇದು ಸಿಕ್ಕಿದ್ದು ಬೈಗುಳ ತುಂಬಿದ ಅಧ್ಯಾಯದ ಕೊನೆಯಲ್ಲಿ. ಎಫ್ರಾಯೀಮಿನ ಕುಡುಕರನ್ನು ಬೈಯುವುದರಿಂದ ಶುರುವಾಗುತ್ತೆ ಆ ಅಧ್ಯಾಯ.

ಎರಡನೆಯದು ಯೆಹೆಜ್ಕೇಲ 34. ಕೊಬ್ಬಿದ ಕುರಿಗಳು ಒಳ್ಳೆ ಹುಲ್ಲು ಮೇಯ್ದು ಉಳಿದದ್ದನ್ನು ತುಳಿಯುತ್ತವೆ. ತಿಳಿನೀರು ಕುಡಿದು ಉಳಿದದ್ದನ್ನು ಕಾಲಿನಿಂದ ಕಲಕುತ್ತವೆ. ಕಾಲುವೆಯ ಕೊನೆಯಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಂದಹಾಗೆ ಯೆಹೆಜ್ಕೇಲನೂ ಕೆಬಾರ್ ಅನ್ನುವ ಕಾಲುವೆ ದಂಡೆಯಲ್ಲಿ ಕೂತವನೇ. ಸೆರೆ ಒಯ್ದವರನ್ನು ಅಲ್ಲಿ ಇಟ್ಟಿದ್ದರು.

ಆಮೋಸ 5:24ರಲ್ಲಿ ನ್ಯಾಯ ನೀರಿನ ಹಾಗೆ ಹರಿಯಲಿ ಅಂತ ಇದೆಯಲ್ಲ. ಅಲ್ಲಿರುವುದು ಬತ್ತದ ತೊರೆ ಅಂತ ನಮ್ಮ ಅಯ್ಯನವರು ಒಮ್ಮೆ ಹೇಳಿದರು. ಆ ದೇಶದ ಹಳ್ಳಗಳು ನಮ್ಮ ಹಳ್ಳಗಳ ಹಾಗೆ, ಮಳೆ ಬಂದಾಗ ಹರಿದು ಆಮೇಲೆ ಬರೀ ಉಸುಕು. ಒಂದು ದಿನ ಹರಿದು ನಿಲ್ಲುವ ನ್ಯಾಯ ಬೇಡ, ಬೇಸಿಗೆಯಲ್ಲೂ ಕೊನೆಯ ಹೊಲಕ್ಕೆ ಮುಟ್ಟುವುದು ಬೇಕು ಅಂತ ನಾನು ತಿಳಿದುಕೊಂಡಿದ್ದೇನೆ.


ಕುಷ್ಟಗಿ ಹುಡುಗಿ

ಅಕ್ಕಾ, ನಿಮ್ಮ ಫ್ರಿಜ್ ಮೇಲಿನ ವಚನದ ಬಗ್ಗೆ ನನಗೆ ಹೇಳಲೇಬೇಕು.

ನನ್ನ ಅಪ್ಪ ಅಮ್ಮ ಗುಳೆ ಹೋದವರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿಗೆ ಬಿಲ್ಡಿಂಗ್ ಕೆಲಸಕ್ಕೆ ಹೋದರು, ನಾನು ಅಜ್ಜಿ ಹತ್ತಿರ ಉಳಿದೆ. ಮುಂದಿನ ಯುಗಾದಿಗೆ ಬಂದುಬಿಡುತ್ತೇವೆ ಅಂತ ಪ್ರತಿ ವರ್ಷ ಹೇಳುತ್ತಿದ್ದರು. ಊರಿನ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಅಮ್ಮನಿಗೆ ಇದೇ ವಚನ ಹೇಳಿ, ಈ ವರ್ಷವೇ ವಾಪಸ್ ಬರುತ್ತೀರಿ ಅಂದಿದ್ದರು. ಬರಲಿಲ್ಲ. ಅಮ್ಮ ಆ ವಚನದ ಮೇಲೇ ಮುನಿಸಿಕೊಂಡಿದ್ದಳು.

ಕಾಲೇಜಿಗೆ ಬಂದ ಮೇಲೆ ನಾನು ಅಧ್ಯಾಯ ಪೂರ್ತಿ ಓದಿದೆ. ಅದೊಂದು ಕಾಗದ ಅಕ್ಕಾ! ಯೆರೆಮೀಯ ಯೆರೂಸಲೇಮಿನಿಂದ ಬಾಬೆಲಿನಲ್ಲಿ ಸೆರೆ ಇರುವವರಿಗೆ ಬರೆದ ಕಾಗದ. ಬೇಗ ವಾಪಸ್ ಹೋಗುತ್ತೀರಿ ಅಂತ ಹೇಳುವ ಪ್ರವಾದಿಗಳನ್ನು ನಂಬಬೇಡಿ ಅಂತ ಅದರಲ್ಲೇ ಇದೆ. 70 ವರ್ಷ ಆಗುತ್ತೆ ಅಂತ ಇದೆ, ನಮ್ಮ ವಾಗ್ದಾನದ ಹಿಂದಿನ ವಚನದಲ್ಲೇ. ಅಂದರೆ ಕಾಗದ ಕೇಳಿದ ದೊಡ್ಡವರಲ್ಲಿ ಬಹಳ ಜನ ಅಲ್ಲೇ ಸಾಯುತ್ತಾರೆ. ಅಲ್ಲಿಯತನಕ ಏನು ಮಾಡಬೇಕು? ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿನ ಒಳ್ಳೆಯದಕ್ಕೆ ಪ್ರಾರ್ಥನೆ ಮಾಡಿ. ಸೆರೆ ಒಯ್ದವರ ಊರಿಗಾಗಿ!

ರಜೆಯಲ್ಲಿ ಹೋದಾಗ ಇದನ್ನು ಅಮ್ಮನಿಗೆ ಅವರ ತಗಡಿನ ಶೆಡ್ಡಿನಲ್ಲಿ ಕೂತು ಓದಿ ಹೇಳಿದೆ. ಅಮ್ಮ ಸುಮ್ನೆ ಕೇಳಿದಳು. ಏನೂ ಅನ್ನಲಿಲ್ಲ. ಮುಂದಿನ ಸಲ ಹೋದಾಗ ಶೆಡ್ಡಿನ ಪಕ್ಕ ಸಿಮೆಂಟ್ ಚೀಲದಲ್ಲಿ ಮಣ್ಣು ತುಂಬಿ ಹೀರೆಬಳ್ಳಿ ಹಾಕಿದ್ದಳು. ಅಲ್ಲಿತನಕ ಎಂಟು ವರ್ಷ ಒಂದು ಗಿಡ ಹಾಕಿರಲಿಲ್ಲ, ನಾಳೆ ಹೋಗುವವರಿಗೆ ಗಿಡ ಯಾಕೆ ಅನ್ನುತ್ತಿದ್ದಳು. ಬಳ್ಳಿ ತಗಡಿನ ಮೇಲೆ ಹಬ್ಬಿತ್ತು. ಶೆಡ್ಡಿನ ಒಳಗೆ ಸ್ವಲ್ಪ ತಂಪು ಆಗಿತ್ತು. ಅವತ್ತು ಅಮ್ಮ ಆ ಕಾಯಿಯ ಪಲ್ಯ ಮಾಡಿ, ಪಕ್ಕದ ಶೆಡ್ಡಿನ ಬಿಹಾರದವರಿಗೂ ಒಂದು ಬಟ್ಟಲು ಕೊಟ್ಟು ಬಾ ಅಂದಳು.

ಕಾರ್ಡಿನಲ್ಲಿ ಬರೀ 11ನೇ ವಚನ ಹಾಕಿದರೆ ಈ 70 ವರ್ಷವೂ ಹೋಯಿತು, ಹೀರೆಬಳ್ಳಿಯೂ ಹೋಯಿತು. ಅಲ್ವಾ ಅಕ್ಕಾ?


ನಿವೃತ್ತ ಮೇಷ್ಟ್ರು, ರಾಯಚೂರು

ಕುಷ್ಟಗಿಯ ಮಗಳೇ, ನಾನು ಎಷ್ಟು ವರ್ಷ ಓದಿದ್ದೇನೆ, ಆ ಕಾಗದವನ್ನು ಹೀಗೆ ಕೇಳಿಸಿಕೊಂಡಿರಲಿಲ್ಲ. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸು.

ಸಿಂಧನೂರಿನ ತಮ್ಮಾ, ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯ 53ನ್ನೇ ಓದುತ್ತಿರುತ್ತಾನೆ. ಫಿಲಿಪ್ಪ ಅಲ್ಲಿಂದಲೇ ಶುರು ಮಾಡಿ ಯೇಸುವಿನ ವಿಷಯ ಹೇಳುತ್ತಾನೆ. ಆದರೆ ನನಗೆ ಇಷ್ಟವಾಗುವುದು ಅದಕ್ಕೆ ಮುಂಚಿನದು. ಓದುತ್ತಿರುವುದು ನಿನಗೆ ಅರ್ಥವಾಗುತ್ತಿದೆಯೋ ಅಂದರೆ, ಯಾರೂ ದಾರಿ ತೋರಿಸದಿದ್ದರೆ ಹೇಗೆ ಆದೀತು ಅಂತ ಹೇಳಿ, ಬಾ ಹತ್ತಿ ಕೂತುಕೋ ಅನ್ನುತ್ತಾನೆ. ಅರ್ಥವಾಗದಿದ್ದರೂ ಅವನು ಗಟ್ಟಿಯಾಗಿ ಓದುತ್ತಿದ್ದ. ಫಿಲಿಪ್ಪನಿಗೆ ಕೇಳಿಸಿದ್ದು ಅದಕ್ಕೇ. ನೀವೂ ಗಟ್ಟಿಯಾಗಿ ಓದಿ. ಪ್ರವಾದಿಗಳ ಮಾತು ಹೆಚ್ಚಿನದು ಹಾಡಿನ ಹಾಗೆ ಕಟ್ಟಿದ್ದು, ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತೆ.

ಹೀಬ್ರೂವಿನಲ್ಲಿ ಅಕ್ಷರದ ಆಟಗಳಿವೆ, ಅವು ಕನ್ನಡಕ್ಕೆ ಬರುವುದಿಲ್ಲ. ಯೆರೆಮೀಯನ ಮೊದಲ ಅಧ್ಯಾಯದಲ್ಲಿ ಅವನಿಗೆ ಬಾದಾಮಿಯ ಕೊಂಬೆ ಕಾಣುತ್ತೆ. ನನ್ನ ಮಾತು ನಡೆಸಲು ಎಚ್ಚರವಾಗಿದ್ದೇನೆ ಅಂತ ದೇವರು ಹೇಳುತ್ತಾನೆ. ಬಾದಾಮಿಗೂ ಇದಕ್ಕೂ ಏನು ಸಂಬಂಧ ಅಂತ ನಾನು ತಲೆ ಕೆರೆದುಕೊಂಡಿದ್ದೆ. ಬಾದಾಮಿ ಶಾಕೇದ್, ಎಚ್ಚರವಾಗಿರುವವನು ಶೋಕೇದ್. ಆಮೋಸ 8ರ ಹಣ್ಣಿನ ಬುಟ್ಟಿಯೂ ಹಾಗೇ. ಬೇಸಿಗೆ ಹಣ್ಣು ಕಯಿಟ್ಸ್, ಅಂತ್ಯ ಕೇಟ್ಸ್. ಇಂಥವು ಅಡಿಟಿಪ್ಪಣಿ ಇರುವ ಬೈಬಲ್ಲಿನಲ್ಲಿ ಸಿಗುತ್ತವೆ. ಯೋನನಿಗೆ ನೆರಳು ಕೊಟ್ಟ ಗಿಡ ನಮ್ಮ ಬೈಬಲ್ಲಿನಲ್ಲಿ ಸೋರೆ. ಅದು ಔಡಲ ಇರಬೇಕು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ರಾಯಚೂರಿನವನಿಗೆ ಔಡಲದ ನೆರಳು ಎಷ್ಟು ಅಂತ ಗೊತ್ತು. ಅಷ್ಟು ನೆರಳಿಗೆ ಅಷ್ಟು ಸಂತೋಷಪಟ್ಟನಲ್ಲ, ಪಾಪ, ಎಷ್ಟು ಬಿಸಿಲು ಬಿದ್ದಿರಬೇಕು.


ಕೌಲ್‌ಬಜಾರ್ ಅಕ್ಕ, ಬಳ್ಳಾರಿ

ಎಲ್ಲರಿಗೂ ಮನಸ್ಸಿನಿಂದ ವಂದನೆ. ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿಲ್ಲಿಸಲಿಲ್ಲ. ಇವತ್ತು ಬೆಳಿಗ್ಗೆ 32ನೇ ಅಧ್ಯಾಯ ಮುಗಿಸಿದೆ.

ಮೇಷ್ಟ್ರು ಹೇಳಿದ ಹಾಗೆ 14ರ ಕೊನೆಯ ನಾಲ್ಕು ವಚನಗಳನ್ನು ಕೈಯಲ್ಲಿ ಬರೆದು ಕಾರ್ಡಿನ ಪಕ್ಕ ಅಂಟಿಸಿದ್ದೇನೆ. ನೀರು ಬರುವ ದಿನ ಕೊಡ ಹಿಡಿದು ನಿಂತಾಗ ಅದನ್ನೇ ಹೇಳಿಕೊಳ್ಳುತ್ತೇನೆ, ಓಣಿಯ ಎಲ್ಲ ಮನೆಗಳಿಗೂ ಸೇರಿಸಿ. 24ನೇ ಅಧ್ಯಾಯ ಓದಿದ ದಿನ ಮಾರ್ಕೆಟ್‌ಗೆ ಹೋಗಿ ಅಂಜೂರ ತಂದೆ. ಬಳ್ಳಾರಿಯವರಿಗೆ ಅಂಜೂರ ಹೊಸದಲ್ಲ, ಕೊಳೆತ ಅಂಜೂರದ ವಾಸನೆಯೂ ಗೊತ್ತು. ದೇವಾಲಯದ ಮುಂದೆ ಎರಡು ಬುಟ್ಟಿ, ಒಂದರಲ್ಲಿ ಒಳ್ಳೆಯವು, ಒಂದರಲ್ಲಿ ತಿನ್ನಲಾಗದವು. ಒಳ್ಳೆಯ ಬುಟ್ಟಿ ಊರಲ್ಲಿ ಉಳಿದವರದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಸೆರೆ ಹೋದವರದು! ಕುಷ್ಟಗಿಯ ಅಮ್ಮ ನೆನಪಾದರು.

ಇವತ್ತಿನ ಅಧ್ಯಾಯದ ಬಗ್ಗೆ ಹೇಳಬೇಕು. ಬಾಬೆಲಿನ ಸೈನ್ಯ ಊರಿಗೆ ಮುತ್ತಿಗೆ ಹಾಕಿದೆ. ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಬಂದಿ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ನೀನು ತಗೋ, ಹಕ್ಕು ನಿನ್ನದು ಅನ್ನುತ್ತಾನೆ. ಶತ್ರುಗಳು ತುಳಿಯುತ್ತಿರುವ ಹೊಲ! ಯೆರೆಮೀಯ ತಕ್ಕಡಿಯಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಪತ್ರ ಬರೆದು ಸಾಕ್ಷಿ ಹಾಕಿಸುತ್ತಾನೆ. ಎರಡು ಪ್ರತಿ, ಒಂದು ಮುದ್ರೆ ಹಾಕಿದ್ದು, ಒಂದು ಬಿಚ್ಚಿದ್ದು. ಬಹಳ ದಿನ ಉಳಿಯಲಿ ಅಂತ ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡು ಅಂತ ಬಾರೂಕನಿಗೆ ಕೊಡುತ್ತಾನೆ. ಆಮೇಲೆ ಪ್ರಾರ್ಥನೆಗೆ ನಿಂತು, ಊರೇ ಶತ್ರುವಿನ ಕೈಗೆ ಹೋಗುತ್ತಿರುವಾಗ ಹೊಲ ಕೊಂಡುಕೋ ಅಂದೆಯಲ್ಲಾ ಸ್ವಾಮೀ ಅಂತ ಕೇಳುತ್ತಾನೆ. ಮೊದಲು ಕೊಂಡ, ಆಮೇಲೆ ಕೇಳಿದ. ಈ ಮನುಷ್ಯ ನನಗೆ ಬಹಳ ಹತ್ತಿರದವನು ಅನಿಸಿಬಿಟ್ಟ.

ನಮ್ಮಪ್ಪನ ಎರಡು ಎಕರೆ ಸಿರುಗುಪ್ಪ ಕಡೆ ಇದೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಮಾರಿಬಿಡೋಣ ಅಕ್ಕಾ, ಯಾರು ಮಾಡುತ್ತಾರೆ ಅಂತ ಆರು ತಿಂಗಳಿಂದ ಹೇಳುತ್ತಿದ್ದಾನೆ. ನಾನು ಒಪ್ಪಿದ ಹಾಗೂ ಇಲ್ಲ, ಬೇಡ ಅಂದ ಹಾಗೂ ಇಲ್ಲ. ಇವತ್ತು ಓದಿ ಮುಗಿಸಿದ ಮೇಲೆ ಕಬ್ಬಿಣದ ಪೆಟ್ಟಿಗೆ ತೆಗೆದು ಪತ್ರ ನೋಡಿದೆ. ಅಪ್ಪ ಅದನ್ನು ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ದಾರ ಕಟ್ಟಿಟ್ಟಿದ್ದಾರೆ.

ತಮ್ಮನಿಗೆ ಫೋನ್ ಮಾಡಿದೆ. ಮಾರಬೇಡ ಅಂತ ಹೇಳಲಿಲ್ಲ. ಇವತ್ತಿನ ಅಧ್ಯಾಯ ಓದುತ್ತೇನೆ ಕೇಳು ಅಂದೆ. 6ರಿಂದ 15ನೇ ವಚನದ ತನಕ ಓದಿದೆ. ಅವನು ಆಫೀಸಿಗೆ ಹೊರಟಿದ್ದ, ಬಸ್ಸಿನ ಸದ್ದು ಕೇಳುತ್ತಿತ್ತು. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಪ್ಪನ ಪತ್ರ ನಿನ್ನ ಹತ್ತಿರಾನೇ ಇದೆಯಲ್ಲಕ್ಕಾ, ಮಳೆಗಾಲ ಬರುತ್ತೆ, ಗೆದ್ದಲು ಹತ್ತದ ಹಾಗೆ ನೋಡಿಕೋ ಅಂದ.